ಕ್ಯಾಬಿನ್ ಇರುವ ಪುಟ್ಟ ಮೋಟಾರು ದೋಣಿ: ಇಂಧನ ಕುಡಿಯುವುದು ಯಾವುದು, ಹಿತ ಕೊಡುವುದು ಯಾವುದು?

ಕಾರು ಅಥವಾ ಬೈಕು ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ, ‘ಮೈಲೇಜ್ ಎಷ್ಟು ಕೊಡುತ್ತೆ?’ ಇದೇ ಪ್ರಶ್ನೆಯನ್ನು ಮೋಟಾರು ದೋಣಿ ಇಟ್ಟುಕೊಂಡವರಿಗೆ ಕೇಳಿ ನೋಡಿ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಉತ್ತರ ಸಿಗುವುದು ಅಪರೂಪ. ‘ಗಂಟೆಗೆ ಇಷ್ಟು ಲೀಟರ್’ ಎನ್ನುತ್ತಾರೆ. ಅದಕ್ಕೆ ಕಾರಣವಿದೆ. ರಸ್ತೆಯ ಮೇಲೆ ಕಾರಿನ ಮೈಲೇಜ್ ವೇಗದೊಂದಿಗೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ನೀರಿನ ಮೇಲೆ ಅದೇ ದೋಣಿ, ಅದೇ ಎಂಜಿನ್, ವೇಗ ಒಂದಿಷ್ಟು ಬದಲಾದರೆ ಸಾಕು, ಖರ್ಚು ಮೂರು ಪಟ್ಟು ಏರಬಹುದು.

ಒಂದು ಕ್ಯಾಬಿನ್, ಎರಡು ಮಂಚ, ಚಿಕ್ಕ ಒಲೆ, ಒಂದು ಶೌಚಾಲಯ ಇರುವ ಏಳೆಂಟು ಮೀಟರ್ ಉದ್ದದ ಮೋಟಾರು ದೋಣಿಗಳು ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳಲ್ಲಿ ಬಹಳ ಸಾಮಾನ್ಯ. ಅದರಲ್ಲೂ ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಬ್ರಾಡ್ಸ್ ಇವುಗಳ ತವರು. ಮಧ್ಯಯುಗದಲ್ಲಿ ಜನ ಉರುವಲಿಗಾಗಿ ಪೀಟ್ ಎಂಬ ಕೊಳೆತ ಸಸ್ಯಗಳ ಮಣ್ಣನ್ನು ಅಗೆದು ತೆಗೆದರು. ಆ ಗುಂಡಿಗಳಲ್ಲಿ ನೀರು ತುಂಬಿ ಕೆರೆಗಳಾದವು. ಅವನ್ನು ನದಿಗಳು ಜೋಡಿಸಿ, ಇಂದು ಸುಮಾರು 200 ಕಿಮೀ ದೂರ ದೋಣಿ ಓಡಿಸಬಹುದಾದ ಜಾಲವಾಗಿದೆ. ಇಂಥ ದೋಣಿಯನ್ನು ಕೊಂಡವರು, ರಜೆಗೆ ಬಾಡಿಗೆಗೆ ಹಿಡಿದವರು ಇಬ್ಬರಿಗೂ ಎರಡೇ ಚಿಂತೆ: ಇಂಧನಕ್ಕೆ ಎಷ್ಟು ಸುರಿಯಬೇಕು, ರಾತ್ರಿ ಹಾಯಾಗಿ ಮಲಗಬಹುದೇ? ಈ ಎರಡರ ಸುತ್ತಲೂ ಹಲವು ತಪ್ಪು ನಂಬಿಕೆಗಳಿವೆ. ಕೆಲವು ಜೇಬಿಗೆ ಹೊರೆ. ಒಂದು ನಂಬಿಕೆ ಮಾತ್ರ ಪ್ರಾಣಕ್ಕೇ ಎರವಾಗಬಲ್ಲದು.

‘ದೋಣಿ ಚಿಕ್ಕದು, ಇಂಧನವೂ ಕಡಿಮೆ ಸಾಕು’

ಅರ್ಧ ನಿಜ. ನಿಧಾನವಾಗಿ ಹೋದರೆ ಹೌದು. ಆದರೆ ದೋಣಿ ಚಿಕ್ಕದಾದಷ್ಟೂ ಅದು ‘ನಿಧಾನ’ ಎನ್ನಬಹುದಾದ ವೇಗದ ಮಿತಿಯೂ ಚಿಕ್ಕದು.

ದೋಣಿ ಮುಂದೆ ಸಾಗುವಾಗ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಮೂತಿಯ ಬಳಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಅಲೆಯ ಉದ್ದವೂ ದೋಣಿಯ ಉದ್ದವೂ ಒಂದೇ ಆಗುತ್ತವೆ. ಆಗ ದೋಣಿಯ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಮುಂದಿನ ನೆತ್ತಿಯ ಮೇಲೆ, ನಡುವೆ ತಗ್ಗು. ಇನ್ನೂ ವೇಗ ಹೆಚ್ಚಿಸಿದರೆ ಹಿಂಭಾಗ ತಗ್ಗಿಗೆ ಕುಸಿದು ಮೂತಿ ಮೇಲೇಳುತ್ತದೆ. ದೋಣಿ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಸುರಿದ ಇಂಧನದ ಬಹುಪಾಲು ಹೋಗುವುದು ಅಲೆ ಎಬ್ಬಿಸುವುದಕ್ಕೆ.

ಈ ವಿಷಯವನ್ನು ಪ್ರಯೋಗಗಳಿಂದ ಗಟ್ಟಿ ನೆಲೆಗೆ ತಂದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1872ರಲ್ಲಿ ಟಾರ್ಕಿ ಎಂಬಲ್ಲಿನ ತಮ್ಮ ಮನೆಯ ಬಳಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆದು ನೀರಿನ ತಡೆಯನ್ನು ಅಳೆದರು. ಅವರ ಕೆಲಸದಿಂದ ಹೊಮ್ಮಿದ ಸರಳ ಲೆಕ್ಕ ಹೀಗಿದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಮೀಟರ್ ಎಂದು ನೋಡಿ, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿ. ಬರುವ ಸಂಖ್ಯೆಯೇ ಆ ದೋಣಿ ಸಲೀಸಾಗಿ ಮುಟ್ಟಬಹುದಾದ ವೇಗ, ಗಂಟೆಗೆ ಕಿಲೋಮೀಟರ್‌ಗಳಲ್ಲಿ. 7 ಮೀಟರ್ ದೋಣಿಗೆ ಇದು ಸುಮಾರು 12 ಕಿಮೀ. 9 ಮೀಟರ್ ದೋಣಿಗೆ 13.5 ಕಿಮೀ. 4 ಮೀಟರ್ ದೋಣಿಗೆ 9 ಕಿಮೀ ಮಾತ್ರ.

ಈ ಮಿತಿಯೊಳಗೂ ವೇಗ ಪುಕ್ಕಟೆ ಸಿಗುವುದಿಲ್ಲ. ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಎರಡೂವರೆ ಟನ್ ತೂಕದ, 7 ಮೀಟರಿನ ಡೀಸೆಲ್ ದೋಣಿಯನ್ನು ಅಂದಾಜಿಗೆ ತೆಗೆದುಕೊಳ್ಳಿ. ಗಂಟೆಗೆ 8 ಕಿಮೀ ವೇಗದಲ್ಲಿ ಅದು ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಎಂದುಕೊಂಡರೆ, 11.5 ಕಿಮೀ ವೇಗಕ್ಕೆ ಸುಮಾರು ಮೂರು ಲೀಟರ್ ಬೇಕು. ವೇಗ ಹೆಚ್ಚಿದ್ದು ಶೇಕಡಾ 44, ಖರ್ಚು ಮೂರು ಪಟ್ಟು. ಲೀಟರಿಗೆ 8 ಕಿಮೀ ಸಿಗುತ್ತಿದ್ದದ್ದು 4ಕ್ಕಿಂತ ಕೆಳಗಿಳಿಯಿತು. ಇದನ್ನೇ ತಿರುಗಿಸಿ ಹೇಳುವುದಾದರೆ, ವೇಗವನ್ನು ಕೇವಲ ಶೇಕಡಾ 10 ತಗ್ಗಿಸಿದರೆ ಅದೇ ದೂರಕ್ಕೆ ಸುಮಾರು ಶೇಕಡಾ 19 ಇಂಧನ ಉಳಿಯುತ್ತದೆ.

‘ವೇಗವಾಗಿ ಹೋದರೆ ಬೇಗ ತಲುಪುತ್ತೇವೆ, ಹಾಗಾಗಿ ಖರ್ಚು ಅಷ್ಟೇ’

ತಳ ಚಪ್ಪಟೆಯಾಗಿರುವ, ಬಲವಾದ ಎಂಜಿನ್ ಇರುವ ದೋಣಿಗಳು ಮೇಲೆ ಹೇಳಿದ ಗುಡ್ಡವನ್ನು ಹತ್ತಿ ದಾಟಬಲ್ಲವು. ಆಮೇಲೆ ನೀರನ್ನು ಸೀಳದೆ ಅದರ ಮೇಲೆ ಜಾರುತ್ತವೆ. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದಾಗ ಅದು ಕುಪ್ಪಳಿಸುವುದನ್ನು ನೆನಪಿಸಿಕೊಳ್ಳಿ. ಪ್ಲೇನಿಂಗ್‌ನಲ್ಲಿ ಅಲೆಯ ತಡೆ ತಗ್ಗುವುದು ನಿಜ. ಆದರೆ ಬೇಕಾಗುವ ಶಕ್ತಿ ದೊಡ್ಡದೇ.

ಅದೇ ಉದ್ದದ ಪೆಟ್ರೋಲ್ ದೋಣಿ ಗಂಟೆಗೆ 37 ಕಿಮೀ ವೇಗದಲ್ಲಿ ಜಾರುವಾಗ ಗಂಟೆಗೆ 25 ಲೀಟರ್ ಆಸುಪಾಸು ಕುಡಿಯಬಹುದು. ಅಂದರೆ ಲೀಟರಿಗೆ ಒಂದೂವರೆ ಕಿಮೀ. ನಿಧಾನದ ದೋಣಿಗೆ ಹೋಲಿಸಿದರೆ ದೂರದ ಲೆಕ್ಕದಲ್ಲಿ ಐದು ಪಟ್ಟಿಗಿಂತ ಹೆಚ್ಚು ಖರ್ಚು. ಇದಕ್ಕಿಂತ ನಷ್ಟದ ಸ್ಥಿತಿ ಇನ್ನೊಂದಿದೆ: ಜಾರುವಷ್ಟು ವೇಗವೂ ಇಲ್ಲ, ಸಲೀಸು ಎನ್ನುವಷ್ಟು ನಿಧಾನವೂ ಇಲ್ಲ. ಮೂತಿ ಆಕಾಶ ನೋಡುತ್ತಿರುತ್ತದೆ, ಹಿಂಭಾಗ ನೀರನ್ನು ಉಳುತ್ತಿರುತ್ತದೆ, ಚಾಲಕನಿಗೆ ಮುಂದಿನ ದಾರಿಯೂ ಕಾಣದು. ಇಂಧನಕ್ಕೂ ಹಿತಕ್ಕೂ ಇದು ಅತ್ಯಂತ ಕೆಟ್ಟ ವೇಗ.

ಬ್ರಾಡ್ಸ್‌ನ ಬಹುಪಾಲು ಜಾಗಗಳಲ್ಲಿ ವೇಗದ ಮಿತಿ ಗಂಟೆಗೆ 3ರಿಂದ 6 ಮೈಲಿ, ಅಂದರೆ ಸುಮಾರು 5ರಿಂದ 10 ಕಿಮೀ. ದೋಣಿಯ ಅಲೆಗಳು ದಡವನ್ನು ಕೊರೆಯದಿರಲಿ, ಕಟ್ಟಿ ನಿಲ್ಲಿಸಿದ ದೋಣಿಗಳು ಹೊಯ್ದಾಡದಿರಲಿ ಎಂಬುದು ಇದರ ಉದ್ದೇಶಗಳಲ್ಲಿ ಸೇರಿದೆ. ಇದರಲ್ಲಿ ಮಾಲೀಕರ ಲಾಭವೂ ಇದೆ. ದಡ ಕೊರೆಯುವ ಆ ಅಲೆಯನ್ನು ಎಬ್ಬಿಸಿದ್ದು ಅವರೇ ದುಡ್ಡು ಕೊಟ್ಟು ತುಂಬಿಸಿದ ಇಂಧನ. ಹಿಂದೆ ತಿರುಗಿ ನೋಡಿದಾಗ ದೊಡ್ಡ ಅಲೆ ಕಂಡರೆ, ಇಂಧನ ಪೋಲಾಗುತ್ತಿದೆ ಎಂದೇ ಅರ್ಥ. ಮೀಟರ್ ಇಲ್ಲದ ದೋಣಿಗೆ ಇದಕ್ಕಿಂತ ಒಳ್ಳೆಯ ಮೀಟರ್ ಇಲ್ಲ.

‘ದೊಡ್ಡ ಎಂಜಿನ್ ಹೆಚ್ಚು ಕುಡಿಯುತ್ತದೆ’

ಎಂಜಿನ್ ಸುಡುವುದು ತನ್ನಿಂದ ಕೇಳಿದ ಕೆಲಸಕ್ಕೆ ತಕ್ಕಷ್ಟನ್ನು. 20 ಅಶ್ವಶಕ್ತಿಯ ಎಂಜಿನ್‌ನಿಂದಲೂ 40 ಅಶ್ವಶಕ್ತಿಯ ಎಂಜಿನ್‌ನಿಂದಲೂ ನೀವು ಕೇಳುವುದು ಐದೇ ಅಶ್ವಶಕ್ತಿಯಾದರೆ, ಇಂಧನದಲ್ಲಿ ಹೆಚ್ಚು ವ್ಯತ್ಯಾಸ ಇರದು. ದೊಡ್ಡದು ಕಡಿಮೆ ಹೊರೆಯಲ್ಲಿ ಓಡುವುದರಿಂದ ಅದರ ದಕ್ಷತೆ ತುಸು ತಗ್ಗುತ್ತದೆ, ಅಷ್ಟೇ. ಡೀಸೆಲ್ ಎಂಜಿನ್‌ಗಳನ್ನು ಸದಾ ತೀರಾ ಕಡಿಮೆ ಹೊರೆಯಲ್ಲಿ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ನಿಜವಾದ ವ್ಯತ್ಯಾಸ ಇಂಧನದ ಬಗೆಯಲ್ಲಿದೆ. ಒಂದು ಕಿಲೋವ್ಯಾಟ್-ಗಂಟೆಯಷ್ಟು ಕೆಲಸಕ್ಕೆ ಡೀಸೆಲ್ ಎಂಜಿನ್ ಸುಮಾರು 0.3 ಲೀಟರ್ ಬಳಸಿದರೆ, ಪೆಟ್ರೋಲ್ ಎಂಜಿನ್‌ಗೆ ಸುಮಾರು 0.45 ಲೀಟರ್ ಬೇಕು. ಪೆಟ್ರೋಲ್‌ಗೆ ಇನ್ನೊಂದು ತೊಡಕಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಪೆಟ್ರೋಲ್ ಬಂಕ್‌ಗಳಲ್ಲಿ ಈಗ ಶೇಕಡಾ 20 ಬೆರೆತದ್ದು ಸಿಗುತ್ತಿದೆ. ಎಥೆನಾಲ್ ನೀರನ್ನು ಹೀರುವ ಸ್ವಭಾವದ್ದು. ದಿನವೂ ಓಡುವ ಬೈಕಿನಲ್ಲಿ ಇದು ಅಷ್ಟು ಕಾಡದು. ಆದರೆ ನೀರಿನ ಮೇಲೇ ಇರುವ, ಚಳಿಗಾಲವಿಡೀ ನಿಂತೇ ಇರುವ ದೋಣಿಯ ಟ್ಯಾಂಕಿನಲ್ಲಿ ತೇವ ಸೇರುತ್ತಾ ಹೋಗಿ, ಕೊನೆಗೆ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳ ಸೇರಬಹುದು. ವಸಂತದಲ್ಲಿ ಎಂಜಿನ್ ಹೊತ್ತದಿರಲು ಇದೂ ಒಂದು ಕಾರಣ.

ಎಂಜಿನ್ ಬದಲಿಸುವ ಮೊದಲು ನೋಡಬೇಕಾದ್ದು ದೋಣಿಯ ತಳವನ್ನು. ಪಾಚಿ ಮತ್ತು ಚಿಪ್ಪುಜೀವಿಗಳು ಅಂಟಿ ಒರಟಾದ ತಳ ನೀರಿನ ಉಜ್ಜುವಿಕೆಯನ್ನು ಬಹಳ ಹೆಚ್ಚಿಸುತ್ತದೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡ ಕಳೆಯೂ ಹಾಗೆಯೇ. ಬೇಡದ ಹೊರೆಯನ್ನೂ ಲೆಕ್ಕ ಹಾಕಿ: 100 ಲೀಟರ್ ನೀರು ಎಂದರೆ 100 ಕಿಲೋ.

‘ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ’

ಹರಿವಿನ ಎದುರು ಹೋಗುವಾಗ ಹೆಚ್ಚು ಖರ್ಚಾದರೂ, ಹರಿವಿನ ಜೊತೆ ಮರಳುವಾಗ ಅದು ಸರಿಹೋಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ದೋಣಿಯ ವೇಗ ಗಂಟೆಗೆ 9 ಕಿಮೀ, ಹರಿವು 3 ಕಿಮೀ, ದೂರ 12 ಕಿಮೀ ಎನ್ನಿ. ಎದುರು ಹೋಗುವಾಗ ನಿಜವಾದ ವೇಗ 6, ಅಂದರೆ ಎರಡು ಗಂಟೆ. ಮರಳುವಾಗ 12, ಅಂದರೆ ಒಂದು ಗಂಟೆ. ಒಟ್ಟು ಮೂರು ಗಂಟೆ. ನಿಂತ ನೀರಿನಲ್ಲಿ ಅಷ್ಟೇ ದೂರಕ್ಕೆ 2 ಗಂಟೆ 40 ನಿಮಿಷ ಸಾಕಿತ್ತು. ಎಂಜಿನ್ ಅಷ್ಟು ಹೊತ್ತೂ ಒಂದೇ ಸಮ ಸುಡುತ್ತಿರುವುದರಿಂದ 20 ನಿಮಿಷದ ಇಂಧನ ಹೆಚ್ಚುವರಿ ಹೋಯಿತು. ಎದುರು ಹರಿವಿನಲ್ಲಿ ಕಳೆಯುವ ಸಮಯವೇ ಹೆಚ್ಚಾದ್ದರಿಂದ ಎಂದೂ ಸಮ ಆಗುವುದಿಲ್ಲ.

ಬ್ರಾಡ್ಸ್‌ನ ನದಿಗಳು ಸಮುದ್ರ ಸೇರುವ ಗ್ರೇಟ್ ಯಾರ್ಮತ್ ಬಳಿ ಉಬ್ಬರ ಇಳಿತದ ಸೆಳೆತ ಜೋರು. ಇಳಿತ ಮುಗಿದು ನೀರು ಸ್ತಬ್ಧವಾಗುವ ಹೊತ್ತು ನೋಡಿಕೊಂಡೇ ಆ ಜಾಗ ದಾಟಬೇಕೆಂದು ಬಾಡಿಗೆ ದೋಣಿಗಳವರಿಗೆ ಹೇಳುತ್ತಾರೆ. ಮೊದಲ ಕಾರಣ ಸುರಕ್ಷತೆ. ಜೊತೆಗೆ ಇಂಧನದ ಉಳಿತಾಯವೂ ಆಗುತ್ತದೆ.

‘ಹೀಟರ್ ಹಾಕಿದರೆ ಟ್ಯಾಂಕ್ ಖಾಲಿ’

ಇನ್ನು ಹಿತದ ಮಾತು. ಇಂಗ್ಲೆಂಡಿನಲ್ಲಿ ಏಪ್ರಿಲ್, ಅಕ್ಟೋಬರ್ ರಾತ್ರಿಗಳು ಚೆನ್ನಾಗಿಯೇ ಕೊರೆಯುತ್ತವೆ. ಖರ್ಚು ಉಳಿಸಲು ಹೀಟರ್ ಆರಿಸಿ ನಡುಗುತ್ತಾ ಮಲಗುವವರಿದ್ದಾರೆ. ಚಿಕ್ಕ ಕ್ಯಾಬಿನ್‌ಗೆ ಹಾಕುವ ಎರಡು ಕಿಲೋವ್ಯಾಟ್‌ನ ಡೀಸೆಲ್ ಹೀಟರ್ ಗಂಟೆಗೆ 0.1ರಿಂದ 0.25 ಲೀಟರ್ ಮಾತ್ರ ಬಳಸುತ್ತದೆ. ಮಧ್ಯಮ ಉರಿಯಲ್ಲಿ ಎಂಟು ಗಂಟೆಗೆ ಒಂದು ಲೀಟರಿಗೆ ತುಸು ಮೇಲೆ. ಇಡೀ ರಾತ್ರಿಯ ಬೆಚ್ಚಗಿನ ನಿದ್ದೆಗೆ ಆಗುವ ಖರ್ಚು, ನಿಧಾನದ ದೋಣಿಯ ಸುಮಾರು ಒಂದು ಗಂಟೆಯ ಪಯಣದಷ್ಟು. ವೇಗದ ಪೆಟ್ರೋಲ್ ದೋಣಿ ಐದೇ ನಿಮಿಷದಲ್ಲಿ ಎರಡು ಲೀಟರ್ ಮುಗಿಸುತ್ತದೆ. ಉಳಿಸಬೇಕಾದ ಜಾಗ ಹೀಟರ್ ಅಲ್ಲವೆಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಬ್ರಿಟನ್ನಿನ ತೆರಿಗೆ ಪದ್ಧತಿಯೂ ಇವೆರಡನ್ನು ಬೇರೆಬೇರೆಯಾಗಿ ನೋಡುತ್ತದೆ. ಅಲ್ಲಿ ಕೆಂಪು ಬಣ್ಣ ಬೆರೆಸಿದ, ಕಡಿಮೆ ಸುಂಕದ ಡೀಸೆಲ್ ಇದೆ. 2008ರ ನವೆಂಬರ್‌ನಿಂದ ವಿಹಾರದ ದೋಣಿಗಳವರು ದೋಣಿ ಓಡಿಸಲು ಬಳಸುವ ಪಾಲಿಗೆ ಪೂರ್ತಿ ಸುಂಕ ಕೊಡಬೇಕು. ಬೆಚ್ಚಗಿಡಲು, ಬೆಳಕಿಗೆ ಬಳಸುವ ಪಾಲಿಗೆ ಕಡಿಮೆ ಸುಂಕ. ಒಂದೇ ಟ್ಯಾಂಕಿನಿಂದ ಎರಡೂ ನಡೆಯುವುದರಿಂದ 60:40 ಎಂಬ ಹಂಚಿಕೆ ರೂಢಿಗೆ ಬಂತು. 2011ರಿಂದ 2022ರವರೆಗೆ ಪೂರ್ತಿ ಸುಂಕ ಲೀಟರಿಗೆ 57.95 ಪೆನ್ಸ್, ಕೆಂಪು ಡೀಸೆಲ್‌ಗೆ 11.14 ಪೆನ್ಸ್ ಇತ್ತು. 60:40 ಲೆಕ್ಕದಲ್ಲಿ 100 ಲೀಟರಿಗೆ ಸುಂಕ ಸುಮಾರು 39 ಪೌಂಡ್. ಪೂರ್ತಿ ಓಡಿಸಲಿಕ್ಕೇ ಎಂದರೆ ಸುಮಾರು 58 ಪೌಂಡ್. ಉತ್ತರ ಐರ್ಲೆಂಡಿನಲ್ಲಿ 2021ರ ಅಕ್ಟೋಬರ್‌ನಿಂದ ವಿಹಾರದ ದೋಣಿ ಓಡಿಸಲು ಕೆಂಪು ಡೀಸೆಲ್ ಬಳಸುವಂತಿಲ್ಲ. ಪೆಟ್ರೋಲ್ ದೋಣಿಗಳಿಗೆ ಇಂಥ ರಿಯಾಯಿತಿ ಇಲ್ಲ.

‘ಗ್ಯಾಸ್ ಒಲೆ ಹಚ್ಚಿದರೆ ಸಾಕು, ಕ್ಯಾಬಿನ್ ಬೆಚ್ಚಗಾಗುತ್ತದೆ’

ಬೆಚ್ಚಗಾಗುತ್ತದೆ, ಜೊತೆಗೆ ಒದ್ದೆಯೂ ಆಗುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದಾಗ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹೊಮ್ಮುತ್ತದೆ. ಅನಿಲದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುವುದೇ ಇದಕ್ಕೆ ಕಾರಣ. ಮಲಗಿರುವ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದಲೂ ಗಂಟೆಗೆ ಸುಮಾರು 40 ಗ್ರಾಂ ನೀರು ಹೊರಬೀಳುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗಿಂತ ಹೆಚ್ಚು. ತಣ್ಣನೆಯ ಕಿಟಕಿ, ಫೈಬರ್ ಗೋಡೆಗಳ ಮೇಲೆ ಈ ಆವಿ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ಬೆಳಿಗ್ಗೆ ‘ದೋಣಿ ಸೋರುತ್ತಿದೆ’ ಎಂದು ದೂರುವವರ ಹಾಸಿಗೆ ಎಷ್ಟೋ ಸಲ ಒದ್ದೆಯಾಗಿರುವುದು ಅವರದೇ ಉಸಿರಿನಿಂದ.

ಇದಕ್ಕೆ ಮದ್ದು ಗಾಳಿಯಾಡುವಿಕೆ. ಆದರೆ ಚಳಿಗೆ ನಮ್ಮ ಕೈ ಮೊದಲು ಮುಚ್ಚುವುದು ಗಾಳಿಯ ಕಿಂಡಿಯನ್ನೇ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ.

ವಾಸನೆಯೇ ಇಲ್ಲದ ಅಪಾಯ

ಇಂಧನ ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಹುಟ್ಟುತ್ತದೆ. ಪೆಟ್ರೋಲ್ ಎಂಜಿನ್‌ನ ಹೊಗೆಯಲ್ಲಿ ಇದು ಡೀಸೆಲ್‌ಗಿಂತ ಬಹಳ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ಸುಸ್ತು. ದೋಣಿಯಲ್ಲಿ ಇವನ್ನು ಓಲಾಟದಿಂದ ಬಂದ ವಾಕರಿಕೆ ಎಂದು ತಿಳಿದು, ‘ಒಳಗೆ ಹೋಗಿ ಸ್ವಲ್ಪ ಮಲಗು’ ಎನ್ನುವುದು ಸಹಜ. ಆ ಸಲಹೆಯೇ ಮುಳುವಾಗಬಹುದು.

2013ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಮೋಟಾರು ದೋಣಿಯೊಂದರ ಕ್ಯಾಬಿನ್ನಿನಲ್ಲಿ ತಾಯಿ ಮತ್ತು ಮಗಳು ಮೃತಪಟ್ಟರು. ದೋಣಿಯೊಳಗೆ ಇಟ್ಟಿದ್ದ ಪೆಟ್ರೋಲ್ ಜನರೇಟರಿಗೆ ತಾವೇ ಜೋಡಿಸಿದ್ದ ಹೊಗೆಕೊಳವೆ ಕಳಚಿ, ಹೊಗೆ ಒಳಗೆ ಹರಡಿತ್ತು. 2016ರ ಜೂನ್‌ನಲ್ಲಿ ಬ್ರಾಡ್ಸ್‌ನ ರಾಕ್ಸಂ ಬಳಿ ಕಟ್ಟಿ ನಿಲ್ಲಿಸಿದ್ದ ದೋಣಿಯಲ್ಲಿ ಪೆಟ್ರೋಲ್ ಎಂಜಿನ್‌ನ ಹೊಗೆ ತುಂಬಿ ಇಬ್ಬರು ಸತ್ತರು. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಎರಡನ್ನೂ ತನಿಖೆ ಮಾಡಿತು. 2019ರ ಏಪ್ರಿಲ್ 1ರಿಂದ ಅಲ್ಲಿನ ದೋಣಿ ಸುರಕ್ಷತಾ ಯೋಜನೆ ಒಳನಾಡಿನ ಜಲಮಾರ್ಗಗಳ ಕ್ಯಾಬಿನ್ ದೋಣಿಗಳಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿತು.

ಇದು ದೂರದ ದೇಶದ ದೋಣಿಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ, ಚಳಿಗೆ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿ ನಮ್ಮಲ್ಲಿ ಜನ ಸಾಯುವುದೂ ಇದೇ ಅನಿಲದಿಂದ. ಕ್ಯಾಬಿನ್ ಇನ್ನೂ ಚಿಕ್ಕದು, ಹಾಗಾಗಿ ವಿಷ ಏರಲು ಹಿಡಿಯುವ ಸಮಯವೂ ಕಡಿಮೆ. ಓಡುತ್ತಿರುವ ದೋಣಿಯ ಹಿಂದೆ ಗಾಳಿಯ ಒತ್ತಡ ತಗ್ಗಿರುವುದರಿಂದ, ಹಿಂಬದಿಯ ಪರದೆ ಮಾತ್ರ ತೆರೆದಿದ್ದರೆ ಹೊರಹೋದ ಹೊಗೆ ಮರಳಿ ಒಳಗೇ ಸೆಳೆಯಲ್ಪಡುತ್ತದೆ. ಮುಂದಿನ ಕಿಟಕಿಯನ್ನೂ ತೆರೆದರೆ ಗಾಳಿ ಆರ್‌ಪಾರ್ ಹರಿದು ಹೊಗೆಯನ್ನು ಹೊರಗೆ ಒಯ್ಯುತ್ತದೆ.

ಹಾಗಾದರೆ ಏನು ಮಾಡಬೇಕು?

ದೋಣಿ ಕೊಳ್ಳುವ ಮುನ್ನ ನಿಮಗೆ ಬೇಕಾದ ವೇಗ ಯಾವುದೆಂದು ತೀರ್ಮಾನಿಸಿ. ವೇಗದ ಮಿತಿ ಇರುವ ನದಿ ಕಾಲುವೆಗಳಲ್ಲೇ ತಿರುಗುವುದಾದರೆ ಚಪ್ಪಟೆ ತಳದ, ದೊಡ್ಡ ಪೆಟ್ರೋಲ್ ಎಂಜಿನ್‌ನ ದೋಣಿಗೆ ಕೊಡುವ ಹಣ ವ್ಯರ್ಥ. ಸಲೀಸು ವೇಗದ ಮುಕ್ಕಾಲು ಪಾಲಿನಲ್ಲಿ ಓಡಿಸಿ. ಸದ್ದು, ಕಂಪನ, ಖರ್ಚು ಮೂರೂ ಇಳಿಯುತ್ತವೆ. ತಳವನ್ನು ವರ್ಷಕ್ಕೊಮ್ಮೆ ಉಜ್ಜಿಸಿ. ಇಂಧನವನ್ನು ಕಿಲೋಮೀಟರ್‌ಗಿಂತ ಗಂಟೆಯ ಲೆಕ್ಕದಲ್ಲಿ ಬರೆದಿಡಿ. ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ ಎಂಬುದು ದೋಣಿಯವರ ಹಳೆಯ ನಿಯಮ.

ರಾತ್ರಿಗೆ, ಹೊಗೆಯನ್ನು ನೇರ ಹೊರಗೆ ಕಳಿಸುವ ಹೀಟರನ್ನೇ ಬಳಸಿ. ಅಡುಗೆ ಒಲೆ ಅಡುಗೆಗೆ ಮಾತ್ರ ಇರಲಿ. ಬ್ಯಾಟರಿ ತುಂಬಿಸಲೆಂದು ಎಂಜಿನ್ ಅಥವಾ ಜನರೇಟರ್ ಓಡಿಸುತ್ತಾ ಮಲಗಬೇಡಿ. ಅಲಾರಂ ಗುಂಡಿ ಒತ್ತಿ ಪರೀಕ್ಷಿಸಿ, ಅದರ ಮೇಲೆ ಬರೆದಿರುವ ಅವಧಿ ಮುಗಿದಿದೆಯೇ ನೋಡಿ. ದೋಣಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಎಂಜಿನ್ ಮತ್ತು ಒಲೆ ಆರಿಸಿ, ಕಾರಣ ಹುಡುಕುವುದು ಆಮೇಲೆ. ಗಾಳಿಯ ಕಿಂಡಿ ತೆರೆದಿದ್ದರೆ ಹೀಟರ್ ರಾತ್ರಿಗೆ ಒಂದು ಲೋಟದಷ್ಟು ಡೀಸೆಲ್ ಹೆಚ್ಚು ಕುಡಿಯಬಹುದು. ಮರುದಿನ ಕೆಲವು ನಿಮಿಷ ನಿಧಾನವಾಗಿ ಸಾಗಿದರೆ ಅದು ಮರಳಿ ಸಿಗುತ್ತದೆ.